ಶಾಮಲಮ್ಮನ ಮಗನಿಗೆ ಮಾಡಿದ ಹಲಗೆ

ಆವಲಪ್ಪನದು ದೊಡ್ಡ ಮನಸ್ಸು ಎಂದು ನಂಗಲಿಯಲ್ಲಿ ಈಗಲೂ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರಿಗೆ ನಡೆದದ್ದು ಗೊತ್ತಿಲ್ಲ. ಅವನ ಕೈಗೆಲಸ ಚೆನ್ನಾಗಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಮನಸ್ಸಿನ ಮಾತು ಮಾತ್ರ ನನ್ನ ಮುಂದೆ ಎತ್ತಬೇಡಿ. ಅವನ ಶೆಡ್ಡಿಗೂ ನಮ್ಮ ಹೋಟೆಲಿಗೂ ನಡುವೆ ಇದ್ದದ್ದು ಒಂದು ತಡಿಕೆ. ಆ ಕಡೆ ಅವನು ಹಲಗೆ ಹೆರೆಯುತ್ತಿದ್ದ, ಈ ಕಡೆ ನಾನು ಮುದ್ದೆ ತಿರುವುತ್ತಿದ್ದೆ. ಅವನು ಗಿರಾಕಿಗಳಿಗೆ ಹೇಳುತ್ತಿದ್ದ ಒಂದೊಂದು ಮಾತೂ ನನ್ನ ಕಿವಿಗೆ ಬೀಳುತ್ತಿತ್ತು.

ಅವನು ಮುಳಬಾಗಿಲು ಕಡೆಯ ಒಕ್ಕಲು ಮನೆಯವನು. ರಾಗಿ, ಹಿಪ್ಪುನೇರಳೆ ಎಂದು ಮಣ್ಣು ಕೆದಕುವುದು ತನಗೆ ಆಗುವುದಿಲ್ಲ ಎಂದು ಅಣ್ಣಂದಿರ ಜೊತೆ ಜಗಳ ಮಾಡಿಕೊಂಡು ಕೋಲಾರಕ್ಕೆ ಹೋದ. ಅಲ್ಲಿ ಲಾರಿಗಳಿಗೆ ಮರದ ತೊಟ್ಟಿ ಕಟ್ಟುವ ಶೆಡ್ಡಿನಲ್ಲಿ ಆರೇಳು ವರ್ಷ ದುಡಿದು ಕೆಲಸ ಕಲಿತ. ಅಲ್ಲಿಯೂ ಮಾಲೀಕನ ಜೊತೆ ಹೊಂದಲಿಲ್ಲ. ಎಪ್ಪತ್ತೆರಡರಲ್ಲಿ ನಂಗಲಿಗೆ ಬಂದು ನಮ್ಮ ಪಕ್ಕದಲ್ಲಿ ನಾಲ್ಕು ತಗಡು ಎತ್ತಿ ಕಟ್ಟಿಕೊಂಡ.

ಮದ್ರಾಸ್ ರಸ್ತೆಯಲ್ಲಿ ಮುರಿದ ಲಾರಿಗಳಿಗೇನೂ ಬರವಿರಲಿಲ್ಲ. ಊರು ದಾಟಿದ ಮೇಲೆ ಬರುವ ತಿರುವಿನಲ್ಲಿ ತಿಂಗಳಿಗೊಂದಾದರೂ ಮಗುಚಿಕೊಳ್ಳುತ್ತಿತ್ತು. ಕಬ್ಬಿಣವನ್ನು ಗುಜರಿಯವರು ಒಯ್ಯುತ್ತಿದ್ದರು, ಮರವನ್ನು ಇವನು ತರುತ್ತಿದ್ದ. ಹತ್ತಾರು ವರ್ಷ ಬಿಸಿಲು ಮಳೆ ಕುಡಿದ ಮರಕ್ಕೆ ಹುಳು ಹತ್ತುವುದಿಲ್ಲ, ಸೊಟ್ಟಗಾಗುವುದಿಲ್ಲ. ಒಂದೇ ತೊಂದರೆ, ಅದರ ತುಂಬ ಬೋಲ್ಟಿನ ತೂತುಗಳು. ಗಂಧಿಗೆ ಅಂಗಡಿಯಿಂದ ಅರಗನ್ನೂ ರಾಳವನ್ನೂ ತಂದು ಸೌಟಿನಲ್ಲಿ ಕರಗಿಸಿ, ಮರದ ಹೊಟ್ಟು ಕಲಸಿ, ಆ ತೂತುಗಳಿಗೆ ತುಂಬಿ ಉಜ್ಜುತ್ತಿದ್ದ. ಹಾಗೆ ಮಾಡಿದ ಹಲಗೆಗಳು ಮುಳಬಾಗಿಲಿನಿಂದ ಕೋಲಾರದವರೆಗೆ ಹೋಟೆಲುಗಳಿಗೂ ಮನೆಗಳಿಗೂ ಹೋಗುತ್ತಿದ್ದವು. ನಮ್ಮ ಕಡೆ ಮುದ್ದೆಯನ್ನು ಪಾತ್ರೆಯಿಂದ ಹಲಗೆಗೆ ಸುರಿದು, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಸಾಲಾಗಿ ಜೋಡಿಸಿ, ಹಲಗೆ ಸಮೇತ ಪಂಕ್ತಿಗೆ ಒಯ್ದು ಬಡಿಸುತ್ತೇವೆ. ಅದಕ್ಕೆ ಅವನ ಹಲಗೆಯಷ್ಟು ಹದವಾದದ್ದು ಇನ್ನೊಂದಿರಲಿಲ್ಲ.

ಆದರೆ ಲಾರಿಯ ಮರದ ಮೇಲೆ ಯಾರು ಊಟ ಇಡುತ್ತಾರೆ? ಅದು ಏನೇನು ಹೊತ್ತಿತ್ತೋ, ಅದರಡಿ ಯಾರು ಸತ್ತಿದ್ದರೋ. ಹಾಗಾಗಿ ಆವಲಪ್ಪ ಪ್ರತಿ ಹಲಗೆಗೂ ಒಂದು ವಂಶ ಹುಟ್ಟಿಸುತ್ತಿದ್ದ. ಇದು ಶ್ರೀನಿವಾಸಪುರದ ಜಮೀನ್ದಾರರ ಮನೆಯ ಅಟ್ಟದ್ದು, ಇದು ಮಾಲೂರಿನ ಶಾನುಭೋಗರ ಮನೆಯ ಹೆಬ್ಬಾಗಿಲು, ಇದನ್ನು ಕೊಡುವಾಗ ಆ ಮನೆಯ ಅಜ್ಜಿ ಕಣ್ಣೀರು ಹಾಕಿದಳು. ಅಜ್ಜಿಯೂ ಇಲ್ಲ, ಹೆಬ್ಬಾಗಿಲೂ ಇಲ್ಲ. ಕೇಳುವವರು ತಲೆಯಾಡಿಸುತ್ತಿದ್ದರು. ತಡಿಕೆಯ ಈಚೆ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಸುಳ್ಳು ಹೇಳಿ ಬದುಕುವುದು ಅವನೊಬ್ಬನ ಕಸುಬಲ್ಲವಲ್ಲ ಎಂದುಕೊಂಡು ಸುಮ್ಮನಿದ್ದೆ.

ಶಾಮಲಮ್ಮ ನಂಗಲಿಯಿಂದ ಮೈಲಿ ದೂರದ ಹಳ್ಳಿಯವಳು. ಗಂಡ ಸತ್ತು ಬಹಳ ವರ್ಷವಾಗಿತ್ತು, ಕದಿರೇಶ ಎಂಬ ಒಬ್ಬನೇ ಮಗ. ಎಪ್ಪತ್ತಾರನೆಯ ಇಸವಿಯ ಮಾವಿನ ಸುಗ್ಗಿಯಲ್ಲಿ ಅವನು ಶ್ರೀನಿವಾಸಪುರದ ತೋಪುಗಳಲ್ಲಿ ಮದ್ರಾಸಿನ ಲಾರಿಗಳಿಗೆ ಹಣ್ಣು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಎದ್ದದ್ದು ತಡವಾಯಿತು. ಒಲೆಯ ಮೇಲೆ ಎಸರು ಇನ್ನೂ ಕುದಿಯುತ್ತಿತ್ತು. ಅವನು ಊಟ ಕೇಳಿದ. "ಹೊತ್ತು ನೆತ್ತಿಗೆ ಬಂದ ಮೇಲೆ ಎದ್ದು ಮುದ್ದೆ ಕೇಳ್ತೀಯಾ? ಹೋಗು, ರೋಡಲ್ಲಿ ಎಲ್ಲಾದ್ರೂ ತಿನ್ಕೋ," ಎಂದು ಶಾಮಲಮ್ಮ ರೇಗಿದಳು. ಯಾವ ತಾಯಿ ಆಡದ ಮಾತು ಅದು? ನಾನು ನನ್ನ ಮಕ್ಕಳಿಗೆ ಅದಕ್ಕಿಂತ ಕೆಟ್ಟದ್ದನ್ನು ದಿನಕ್ಕೆ ಹತ್ತು ಸಲ ಅಂದಿದ್ದೇನೆ. ಕದಿರೇಶ ಮುಖ ಊದಿಸಿಕೊಂಡು ಹೋದ. ಸಾಯಂಕಾಲ ಅವನು ಕೂತಿದ್ದ ಮಾವಿನ ಲಾರಿ ನಮ್ಮ ತಿರುವಿನಲ್ಲಿ ಮಗುಚಿತು. ತೊಟ್ಟಿಯಡಿ ಸಿಕ್ಕಿದ ಅವನನ್ನು ಹೊರಗೆಳೆಯುವಷ್ಟರಲ್ಲಿ ಜೀವ ಹೋಗಿತ್ತು. ಇಡೀ ದಿನ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ ಎಂದು ಜೊತೆಯ ಹುಡುಗರು ಬಂದು ಹೇಳಿದರು. ಹೇಳದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ.

ವರ್ಷ ತುಂಬುವುದಕ್ಕೆ ಹದಿನೈದು ದಿನ ಇರುವಾಗ ಶಾಮಲಮ್ಮ ಆವಲಪ್ಪನ ಶೆಡ್ಡಿಗೆ ಬಂದಳು.

"ಆವಲಪ್ಪಾ, ನನ್ನ ಮಗನ ಎಡೆಗೆ ಒಂದು ಹಲಗೆ ಬೇಕು ಕಣಪ್ಪ. ಅವನಿಗೇ ಅಂತ. ಬೇರೆ ಯಾರ ಊಟಾನೂ ಅದರ ಮೇಲೆ ಇಡಲ್ಲ. ಅವತ್ತು ಕೊಡದೇ ಇದ್ದ ಮುದ್ದೇನ ವರ್ಷವರ್ಷ ಅದರ ಮೇಲೆ ಕಟ್ಟಿ ಇಡ್ತೀನಿ. ಲಾರಿ ಮರ ಮಾತ್ರ ಹಾಕಬೇಡ. ನೀನು ಲಾರಿ ಮರ ತಗೋತೀಯ ಅಂತಾರೆ."

"ಯಾವನಕ್ಕ ಹಂಗಂದೋನು? ಲಾರಿ ಮರಾನ ಊಟಕ್ಕೆ ಕೊಡೋಕೆ ನಾನೇನು ಮನುಷ್ಯ ಅಲ್ವಾ? ಆವಣಿ ಕಡೆ ಹಳೇ ಮನೆ ಬಾಗ್ಲು ಒಂದು ಬಂದಿದೆ, ಹೊನ್ನೆ ಮರ. ನಿನ್ನ ಮಗನಿಗೆ ಅದೇ ಇರ್ಲಿ."

ಅವನು ಹೀಗೆನ್ನುವಾಗ ಅವನ ಬೆನ್ನ ಹಿಂದೆ ತಗಡಿಗೆ ಒರಗಿಸಿ ಇಟ್ಟಿದ್ದದ್ದು ಕದಿರೇಶನ ಲಾರಿಯ ಹಲಗೆಗಳು. ಪೊಲೀಸ್ ಕೇಸು ಮುಗಿದು ಆ ವಾರವಷ್ಟೇ ಅದರ ಕಬ್ಬಿಣ ಗುಜರಿಗೆ ಹೋಗಿತ್ತು. ಮರವಂತೂ ಹೊನ್ನೆಯೇ, ಶೆಡ್ಡಿನಲ್ಲಿದ್ದುದರಲ್ಲೆಲ್ಲ ಒಳ್ಳೆಯದು. ಅದನ್ನೇ ಎಳೆದು ಕೊಯ್ಯಲು ಶುರು ಮಾಡಿದ. ನಾನು ತಡಿಕೆಯ ಮೇಲಿಂದ ನೋಡಿ, "ಲೇ ಆವಲಪ್ಪಾ, ಅದು ಬೇಡ ಕಣೋ," ಎಂದೆ. "ಮರಕ್ಕೆ ಯಾರ ಮಗ ಅಂತ ಗೊತ್ತಾಗ್ತದಾ ಭಾರತಕ್ಕ? ನೀನು ಸಾರು ನೋಡ್ಕೋ, ಹೊತ್ತೋಗ್ತದೆ," ಎಂದ. ನಾನು ಹೋಗಿ ಸಾರು ನೋಡಿಕೊಂಡೆ.

ಆ ಹಲಗೆಗೆ ಅವನು ಇನ್ನೊಂದು ಹೊಸ ಕೆಲಸ ಮಾಡಿದ. ಬಿಸಿ ಮುದ್ದೆ ತಾಗಿದರೆ ಅರಗು ಮೆತ್ತಗಾಗಿ ಮುದ್ದೆಗೆ ಕಪ್ಪು ಹತ್ತುತ್ತಿತ್ತು. ಅದಕ್ಕೆ ಹೋಟೆಲಿನವರು ಅವನನ್ನು ಆಗಾಗ ಉಗಿಯುತ್ತಿದ್ದರು. ಮದ್ರಾಸಿನಲ್ಲಿ ದೋಣಿ ಮಾಡುವ ಕಡೆಯಿಂದ ಒಬ್ಬ ಡ್ರೈವರು ಒಂದು ಡಬ್ಬ ರೆಸಿನ್ ತಂದುಕೊಟ್ಟಿದ್ದ. ಜೇನಿನ ಹಾಗಿರುತ್ತದೆ, ಚಿಕ್ಕ ಸೀಸೆಯ ನೀರು ನಾಲ್ಕು ಹನಿ ಬೆರೆಸಿದರೆ ಗಂಟೆಯೊಳಗೆ ಕಲ್ಲಾಗುತ್ತದೆ. ಆವಲಪ್ಪ ಅದನ್ನು ಮದ್ರಾಸ್ ರಾಳ ಎಂದ. ಅದೇ ಹಲಗೆಯ ಹೊಟ್ಟನ್ನು ಅದಕ್ಕೆ ಕಲಸಿ ಹತ್ತೂ ತೂತುಗಳಿಗೆ ತುಂಬಿ, ಸಮನಾಗುವವರೆಗೆ ತೋಪಡದಲ್ಲಿ ಹೆರೆದ. ತೂತು ಎಲ್ಲಿತ್ತು ಎಂದು ನಾನು ಹುಡುಕಿದೆ, ಸಿಗಲಿಲ್ಲ. ಶಾಮಲಮ್ಮ ಹಲಗೆಯ ಮೇಲೆ ಕೈಯಾಡಿಸಿ ಅತ್ತಳು. ಎಷ್ಟು ನುಣುಪಾಗಿದೆ ಎಂದಳು.

ಎಡೆಯ ದಿನ ನಾನೂ ಹೋಗಿದ್ದೆ. ಅವಳು ಆ ಹಲಗೆಯ ಮೇಲೆ ಮೂರು ಮುದ್ದೆ ಕಟ್ಟಿ, ಅವರೆಕಾಳಿನ ಸಾರು ಬಿಟ್ಟು, ಪಕ್ಕದಲ್ಲಿ ಒಂದು ಮಾವಿನಹಣ್ಣು ಇಟ್ಟು, ಹಿತ್ತಲ ಗೋಡೆಯ ಮೇಲೆ ಇರಿಸಿದಳು. ಕಾಗೆ ಬಂದು ಮುಟ್ಟಿದರೆ ಹೋದವರು ಉಂಡರು ಎಂದು ನಮ್ಮ ನಂಬಿಕೆ. ಅದು ಮುಟ್ಟಿದ ಮೇಲೆಯೇ ಮನೆಯವರಿಗೆ ಎಲೆ ಹಾಕುವುದು. ಕಾಗೆ ಬಾರದಿದ್ದರೆ ಹೋದವರಿಗೆ ಏನೋ ಕೊರತೆ, ಯಾರ ಮೇಲೋ ಸಿಟ್ಟು. ಆಗ ಕೈಮುಗಿದು, ನಿನಗೆ ಏನು ಬೇಕೋ ಮಾಡುತ್ತೇವೆ, ಇಂಥದ್ದು ಬಿಡುತ್ತೇವೆ ಎಂದು ಮಾತು ಕೊಡಬೇಕು. ಸಾಮಾನ್ಯವಾಗಿ ಆ ಮಾತಿಗೆ ಕಾಗೆ ಬಂದುಬಿಡುತ್ತದೆ.

ಅವತ್ತು ಒಂದು ಕಾಗೆ ಬಂತು. ಮುದ್ದೆಯ ಹತ್ತಿರ ಕೊಕ್ಕು ಒಯ್ದು, ಹಿಂದಕ್ಕೆ ನೆಗೆದು, ಕೊಕ್ಕನ್ನು ಹೆಂಚಿಗೆ ಎರಡು ಸಲ ಒರೆಸಿಕೊಂಡು ಹಾರಿಹೋಯಿತು. ಉಳಿದವು ಹೊಂಗೆ ಮರದಿಂದ ಇಳಿಯಲೇ ಇಲ್ಲ. ಹೊತ್ತು ಇಳಿಯಿತು, ನೆಂಟರ ಮಕ್ಕಳು ಹಸಿವು ಎಂದು ಅಳತೊಡಗಿದವು. ಶಾಮಲಮ್ಮನ ವಾರಗಿತ್ತಿ ರಾಮಲಕ್ಷ್ಮಮ್ಮ, "ಉಪವಾಸ ಕಳಿಸಿದ್ಯಲ್ಲಕ್ಕ, ಅದನ್ನ ಅವನು ಮರೀತಾನಾ?" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಶಾಮಲಮ್ಮ ಗೋಡೆಯ ಮುಂದೆ ಮಂಡಿಯೂರಿ, ಇನ್ನು ಮೇಲೆ ತಾನು ಬಿಸಿ ಊಟ ಮುಟ್ಟುವುದಿಲ್ಲ, ತಂಗಳೇ ತಿನ್ನುತ್ತೇನೆ ಎಂದು ಮಗನಿಗೆ ಮಾತು ಕೊಟ್ಟಳು. ಆದರೂ ಕಾಗೆ ಬರಲಿಲ್ಲ. ಕೊನೆಗೆ ಎಡೆಯನ್ನು ಹಸುವಿನ ಮುಂದೆ ಇಟ್ಟರು. ಹಸುವೂ ಮೂಸಿ ಮುಖ ತಿರುಗಿಸಿತು.

ಕಾರಣ ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ನನ್ನ ಗಂಡ ಮದ್ರಾಸ್ ರಾಳ ತುಂಬಿದ ಎರಡು ಹಲಗೆಗಳನ್ನು ಹೋಟೆಲಿಗೆ ತಂದರು. ಮೊದಲ ದಿನವೇ ಗಿರಾಕಿಗಳು ಮುದ್ದೆಯಲ್ಲಿ ಔಷಧಿ ವಾಸನೆ ಎಂದು ಎದ್ದುಹೋದರು. ಹಿಂದೆ ಎಸೆದ ಮುದ್ದೆಯನ್ನು ನಾಯಿಯೂ ತಿನ್ನಲಿಲ್ಲ, ಕಾಗೆಯಂತೂ ಹತ್ತಿರ ಸುಳಿಯಲಿಲ್ಲ. ನಾನು ಹಲಗೆಗಳನ್ನು ತಡಿಕೆಯಾಚೆ ಬಿಸಾಡಿ ಬಾಯಿಗೆ ಬಂದಂತೆ ಬೈದೆ. ಆವಲಪ್ಪ ಹಲಗೆಯನ್ನು ಮೂಗಿಗೆ ಹಿಡಿದು ನೋಡಿದ. "ಹೌದು ಕಣಕ್ಕ, ಬಿಸಿ ತಾಗಿದ್ರೆ ಬಿಡ್ತದೆ. ದಿನಾ ತಿಕ್ಕಿ ತೊಳೆದ್ರೆ ನಾಲ್ಕು ತಿಂಗಳಲ್ಲಿ ಹೋಗ್ತದೇನೋ," ಎಂದ. ಮತ್ತೆ ಅರಗಿಗೇ ಮರಳಿದ, ಅದನ್ನೂ ಹಲಗೆಯ ಅಡಿಭಾಗಕ್ಕೆ ಮಾತ್ರ ತುಂಬತೊಡಗಿದ.

"ಹಂಗಾದ್ರೆ ಶಾಮಲಮ್ಮನ ಹಲಗೆ?" ಎಂದೆ.

ಅವನು ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟ. ಆಮೇಲೆ ನಕ್ಕ. ನನಗೂ ಅರ್ಥವಾಯಿತು. ಆ ಹಲಗೆ ವರ್ಷಕ್ಕೊಂದು ದಿನ ಹೊರಗೆ ಬರುವಂಥದ್ದು. ಉಳಿದ ದಿನವೆಲ್ಲ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ನೇತುಹಾಕಿದ್ದರೆ ವಾಸನೆ ಎಲ್ಲಿಗೆ ಹೋಗುತ್ತದೆ?

"ಬೇರೆ ಮಾಡ್ಕೊಡೋ, ಪಾಪ."

"ಬೇರೆ ಕೊಟ್ರೆ ಇದು ಯಾಕೆ ಅಂತಾಳೆ. ರೆಸಿನ್ ಅಂದ್ರೆ ತೂತಿತ್ತಾ ಅಂತಾಳೆ. ತೂತು ಅಂದ್ರೆ ಲಾರಿ ಅಂತ ಗೊತ್ತಾಗ್ತದೆ. ನನ್ನ ಹಲಗೆ ಒಂದನ್ನೂ ಮುಟ್ಟಲ್ಲ ಆಮೇಲೆ ಯಾರೂ. ಕಾಗೆ ಬರದಿದ್ರೆ ನಾನೇನ್ ಮಾಡ್ಲಿ, ನಾನೇನ್ ಕಾಗೆ ಸಾಕೊಂಡಿದೀನಾ?"

ಅಷ್ಟಕ್ಕೇ ನಿಲ್ಲಿಸಿದ್ದರೆ ಹೊಟ್ಟೆಪಾಡು ಎಂದು ಬಿಡಬಹುದಿತ್ತು. ಅವನು ಇದನ್ನು ನಮ್ಮ ಹೋಟೆಲಿನ ಬೆಂಚಿನ ಮೇಲೆ ಕೂತು ಆಂಧ್ರದ ಡ್ರೈವರುಗಳಿಗೆ ತೆಲುಗಿನಲ್ಲಿ ಕಥೆ ಮಾಡಿ ಹೇಳುತ್ತಿದ್ದ. ಮಗನನ್ನು ಕೊಂದ ಲಾರಿಯ ಮೇಲೆಯೇ ಮಗನಿಗೆ ಊಟ ಇಡುತ್ತಾಳೆ, ಮಗ ಲಾರಿ ನೋಡಿ ಓಡಿಹೋಗುತ್ತಾನೆ, ಎಂದು ಕಾಗೆಯ ಹಾಗೆ ಕುಪ್ಪಳಿಸಿ ತೋರಿಸುತ್ತಿದ್ದ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನು ಕುಪ್ಪಳಿಸುವ ರೀತಿಗೆ ನಾನೂ ನಕ್ಕಿದ್ದೇನೆ, ಒಂದು ಸಲವಲ್ಲ, ಬಹಳ ಸಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪ್ರತಿ ವರ್ಷ ಎಡೆಗೆ ಮೂರು ದಿನ ಮುಂಚೆ ಶಾಮಲಮ್ಮ ಹಲಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆವಲಪ್ಪನ ಹತ್ತಿರ ಎಣ್ಣೆ ಹಚ್ಚಿಸಲು ತರುತ್ತಿದ್ದಳು. ಅವನು ಕಡಲೆಕಾಯಿ ಎಣ್ಣೆ ಬಿಟ್ಟು ಬಟ್ಟೆಯಲ್ಲಿ ಉಜ್ಜಿ, ಆವಣಿ ಬಾಗಿಲಿನ ಮರ ಎಂದರೆ ಹೀಗೆ ಹೊಳೆಯಬೇಕು ಎಂದು ಹೊಗಳಿ ಕಳಿಸುತ್ತಿದ್ದ. ಪ್ರತಿ ವರ್ಷವೂ ಕಾಗೆ ಬರುತ್ತಿರಲಿಲ್ಲ. ಪ್ರತಿ ವರ್ಷವೂ ಅವಳು ಮಗನಿಗೆ ಇನ್ನೊಂದು ಏನನ್ನಾದರೂ ಬಿಟ್ಟುಕೊಡುತ್ತಿದ್ದಳು. ಎರಡನೆಯ ವರ್ಷ ಮಾವಿನಹಣ್ಣು ಬಿಟ್ಟಳು. ಆಮೇಲೆ ಚಪ್ಪಲಿ. ಮಂಚ ಬಿಟ್ಟು ನೆಲದ ಮೇಲೆ ಮಲಗಿದಳು. ಎಲೆಯಡಿಕೆ ಬಿಟ್ಟಳು. ವಕ್ಕಲೇರಿಯಲ್ಲಿದ್ದ ತಂಗಿಯ ಮನೆಗೆ ಹೋಗುವುದನ್ನು ಬಿಟ್ಟಳು, ಅವಳೆಂದರೆ ಇವಳಿಗೆ ಪ್ರಾಣ.

ಐದನೆಯ ವರ್ಷ ರಾಮಲಕ್ಷ್ಮಮ್ಮ ಹೊಸ ಅರ್ಥ ಹುಡುಕಿದಳು. "ನೀನು ಸೂರಿನ ಕೆಳಗಿರೋದೇ ಅವನಿಗೆ ಇಷ್ಟ ಇಲ್ಲ ಕಣಕ್ಕ. ಅವನನ್ನ ಬಿಸಿಲಿಗೆ ಕಳಿಸಿ ನೀನು ನೆರಳಲ್ಲಿ ಇದ್ದೀಯಲ್ಲ." ಶಾಮಲಮ್ಮ ಮರುದಿನವೇ ತನ್ನ ಚಾಪೆ ಸುತ್ತಿಕೊಂಡು ದನದ ಕೊಟ್ಟಿಗೆಗೆ ಹೋದಳು. ವಾರದೊಳಗೆ ರಾಮಲಕ್ಷ್ಮಮ್ಮ ಆ ಕೋಣೆಯ ತುಂಬ ರೇಷ್ಮೆ ಹುಳುವಿನ ತಟ್ಟೆಗಳನ್ನು ಜೋಡಿಸಿದ್ದಳು. ಹುಳುಗಳಿಗೆ ಸೂರು, ಮನೆಯೊಡತಿಗೆ ಕೊಟ್ಟಿಗೆ. ಊರಲ್ಲಿ ಒಬ್ಬರೂ ತಪ್ಪು ಎನ್ನಲಿಲ್ಲ, ಕಾಗೆಯೇ ಹೇಳಿದ ಮೇಲೆ ಯಾರು ಏನು ಅನ್ನುತ್ತಾರೆ? ನೀರಿನ ಹತ್ತಿರ ಹೆಂಗಸರು ಅವಳು ತಾಕದ ಹಾಗೆ ದೂರ ಸರಿಯತೊಡಗಿದರು. ಮಗನೇ ಕ್ಷಮಿಸದ ತಾಯಿ ಎಂದು ಮಕ್ಕಳನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲ. ಇದನ್ನೆಲ್ಲ ನಾನು ಬಂದು ಹೇಳಿದರೆ ಆವಲಪ್ಪ, "ಊರಿನವರು ಮುಂಡೇವು," ಎಂದು ಬೈದು ತೋಪಡ ಹಿಡಿದುಕೊಳ್ಳುತ್ತಿದ್ದ. ನಾನಾದರೂ ಹೋಗಿ ಶಾಮಲಮ್ಮನಿಗೆ ಹೇಳಿದೆನಾ? ಇಲ್ಲ. ಮೊದಲ ವರ್ಷವೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವರ್ಷ ಕಳೆದಷ್ಟೂ ಆ ಉತ್ತರ ಇನ್ನೂ ಕಷ್ಟವಾಯಿತು.

ಎಂಬತ್ತಾರರಲ್ಲಿ ಅವಳು ಹಲಗೆ ತಂದಾಗ ಗುರುತು ಸಿಗದಷ್ಟು ಬಡಕಲಾಗಿದ್ದಳು. ಬರಿಗಾಲು ಒಡೆದು ರಕ್ತ ಒಣಗಿತ್ತು. ಆವಲಪ್ಪ ಎಣ್ಣೆ ಹಚ್ಚುವವರೆಗೂ ಮರದ ತುಂಡಿನ ಮೇಲೆ ಕೂತಿದ್ದು ಹೇಳಿದಳು:

"ಇದೇ ಕೊನೆ ಸಲ ಆವಲಪ್ಪಾ. ನನ್ನ ಹತ್ರ ಬಿಡೋಕೆ ಇನ್ನೇನೂ ಉಳಿದಿಲ್ಲ. ಈ ಸಲವೂ ಅವನು ಬರದಿದ್ರೆ ಅನ್ನ ಬಿಟ್ಬಿಡ್ತೀನಿ. ನಾನು ಹೋದ ಮೇಲೆ ಹಲಗೇನ ನೀನೇ ತಗೊಂಡುಬಿಡು, ವಾರಗಿತ್ತಿ ಕೈಗೆ ಸಿಗೋದು ಬೇಡ. ನಿನ್ನ ಮಗನಿಗೆ ಏನು ಮಾಡಿದ್ದೆ ಅಂತ ನನ್ನನ್ನ ಕೇಳದೇ ಇದ್ದೋನು ಈ ಸೀಮೇಲೆ ನೀನೊಬ್ಬನೇ ಕಣಪ್ಪ."

ಅವಳು ಹೋದ ಮೇಲೆ ಅವನು ನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. "ಭಾರತಕ್ಕ, ನಾಳೆ ನನ್ನ ಜೊತೆ ಬಾ. ಹೇಳಿಬಿಡ್ತೀನಿ. ಒಬ್ಬನೇ ಹೋಗೋಕೆ ಕಾಲು ಬರ್ತಿಲ್ಲ," ಎಂದ. ಒಂಬತ್ತು ವರ್ಷದ ಮೇಲೆ ಬಂತು ಬುದ್ಧಿ. ನನಗೂ ಆಗಲೇ ಬಂದದ್ದು.

ಮರುದಿನ ಬೆಳಿಗ್ಗೆ ಹೋದೆವು. ಶಾಮಲಮ್ಮ ಕೊಟ್ಟಿಗೆಯ ಮುಂದೆ ರಾಗಿ ಕೇರುತ್ತಿದ್ದಳು, ರಾಮಲಕ್ಷ್ಮಮ್ಮ ಜಗುಲಿಯ ಮೇಲೆ ಹಿಪ್ಪುನೇರಳೆ ಎಲೆ ಹೆಚ್ಚುತ್ತಿದ್ದಳು. ಆವಲಪ್ಪ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಆ ಹಲಗೆ ಕದಿರೇಶನ ಲಾರಿಯದು, ತೂತಿಗೆ ತುಂಬಿದ್ದು ರೆಸಿನ್, ಅದರ ವಾಸನೆಗೆ ಕಾಗೆ ಬರುತ್ತಿಲ್ಲ, ನಿನ್ನ ಮಗನಿಗೆ ನಿನ್ನ ಮೇಲೆ ಯಾವ ಸಿಟ್ಟೂ ಇಲ್ಲ. ಹೇಳುವಾಗ ಮಾತು ಮಾತಿಗೂ ತಡವರಿಸಿದ. ಅವನು ಸುಳ್ಳು ಹೇಳುವಾಗ ಒಂದು ದಿನವೂ ಹಾಗೆ ತಡವರಿಸಿದ್ದನ್ನು ನಾನು ಕಂಡಿರಲಿಲ್ಲ.

ಶಾಮಲಮ್ಮ ಮೊರ ಕೆಳಗಿಟ್ಟು ಅವನನ್ನೇ ನೋಡಿದಳು. ಆಮೇಲೆ ಎಷ್ಟೋ ವರ್ಷದ ಮೇಲೆ ಅವಳ ಮುಖದಲ್ಲಿ ನಗು ಬಂತು.

"ನಾನು ಅನ್ನ ಬಿಡ್ತೀನಿ ಅಂದಿದ್ದಕ್ಕೆ ಇದನ್ನ ಕಟ್ಕೊಂಡು ಬಂದ್ಯಾ?"

"ಅಕ್ಕಾ, ನಿನ್ನಾಣೆ. ಲಾರಿ ಮರ ಕಣಕ್ಕಾ ಅದು."

"ಆವಣಿ ಬಾಗ್ಲು ಅಂತ ಒಂಬತ್ತು ವರ್ಷ ಹೇಳ್ದೆ. ಈಗ ಲಾರಿ ಅಂತೀಯ."

"ನಿಜ ಕಣಮ್ಮಾ, ನಾನೇ ಕಣ್ಣಾರೆ ನೋಡಿದ್ದೀನಿ," ಎಂದೆ ನಾನು. ಅವಳು ನನ್ನ ಕಡೆ ತಿರುಗಿ, "ನಿನ್ನನ್ನೂ ಕರ್ಕೊಂಡು ಬಂದಿದಾನೆ ನೋಡು. ನೀವಿಬ್ರೂ ಚೆನ್ನಾಗಿರ್ರಮ್ಮ," ಎಂದಳು. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆವಲಪ್ಪ ಹಲಗೆಯನ್ನು ತರಿಸಿ ಉಳಿಯಿಂದ ಕೆತ್ತಿದ. ಮೊದಲು ಎರಡು ಕಡೆ ಬರೀ ಮರವೇ ಬಂತು, ತೂತು ಎಲ್ಲಿತ್ತೆಂದು ಅವನಿಗೇ ಸಿಗಲಿಲ್ಲ. ಮೂರನೆಯ ಸಲ ರೆಸಿನ್ನಿನ ಬಿರಡೆ ಕಿತ್ತು ಬಂತು. "ನೋಡು, ಬೋಲ್ಟಿನ ತೂತು!" ಎಂದು ಮಗುವಿನ ಹಾಗೆ ಕೂಗಿದ. ಶಾಮಲಮ್ಮ ಬೆರಳಿಟ್ಟು ನೋಡಿ, "ಬಾಗ್ಲಿಗೂ ಚಿಲಕದ ತೂತು ಇರ್ತದಲ್ಲಪ್ಪ," ಎಂದಳು. ಆವಲಪ್ಪ ಕೊಡಲಿ ತೆಗೆದುಕೊಂಡು ಹಲಗೆಯನ್ನು ಅಂಗಳದಲ್ಲೇ ನಾಲ್ಕು ತುಂಡು ಮಾಡಿ, "ಈ ಸಲ ಬಾಳೆ ಎಲೆ ಮೇಲೆ ಇಡು ಅಕ್ಕಾ. ಕಾಗೆ ಬರದಿದ್ರೆ ನನ್ನ ಈ ಕೈ ಕಡಿ," ಎಂದ.

"ಆಯ್ತು, ನಿನ್ನ ಸಮಾಧಾನಕ್ಕೆ," ಎಂದಳು ಅವಳು.

ಎಡೆಯ ದಿನ ಆವಲಪ್ಪ ಸ್ನಾನ ಮಾಡಿ ಬಂದು ಅವಳ ಹಿತ್ತಲಲ್ಲಿ ನಿಂತಿದ್ದ. ಊರಿನವರೂ ಸೇರಿದ್ದರು, ಸುದ್ದಿ ಹರಡಿತ್ತು. ಶಾಮಲಮ್ಮ ಮುದ್ದೆಯನ್ನು ಎಲೆಯ ಮೇಲೆಯೇ ಕಟ್ಟಿ, ಸಾರು ಬಿಟ್ಟು, ಹಣ್ಣಿಟ್ಟು, ಅದೇ ಗೋಡೆಯ ಮೇಲೆ ಇರಿಸಿ ಹಿಂದೆ ಸರಿದಳು. ಹೊಂಗೆ ಮರದಲ್ಲಿ ಕಾಗೆಗಳು ಕೂತಿದ್ದವು. ನಾವೆಲ್ಲ ಅವನ್ನೇ ನೋಡುತ್ತಿದ್ದೆವು. ಒಂದೂ ಇಳಿಯಲಿಲ್ಲ.

ಇಳಿಯುವುದಾದರೂ ಹೇಗೆ? ಒಂಬತ್ತು ವರ್ಷ ಆ ಗೋಡೆಯ ಮೇಲೆ ಇಟ್ಟದ್ದೆಲ್ಲ ನಾತ ಹೊಡೆದಿತ್ತು. ಕಾಗೆ ಮನುಷ್ಯನಷ್ಟು ದಡ್ಡ ಪ್ರಾಣಿಯಲ್ಲ, ಒಂದು ಸಲ ಮೋಸವಾದ ಜಾಗಕ್ಕೆ ಅದು ಮತ್ತೆ ಬಾಯಿ ಹಾಕುವುದಿಲ್ಲ. ಇದು ನನಗೆ ಆಮೇಲೆ ಹೊಳೆದದ್ದು. ಆಗ ನಾನೂ ದೇವರಿಗೆ ಹರಕೆ ಹೊರುತ್ತಾ ನಿಂತಿದ್ದೆ.

ಆವಲಪ್ಪನಿಗೆ ತಡೆಯಲಾಗಲಿಲ್ಲ. ಗೋಡೆಯ ಹತ್ತಿರ ಹೋಗಿ ಕಾ, ಕಾ ಎಂದು ಕೂಗಿದ. ಮುದ್ದೆಯ ಚೂರು ಕಿತ್ತು ಮರದ ಕಡೆ ಎಸೆದ. ಕಾಗೆಗಳು ಬೆದರಿ ಒಟ್ಟಿಗೆ ಹಾರಿಹೋದವು. ಅವನು ಖಾಲಿ ಮರದ ಕೆಳಗೆ ನಿಂತು ಇನ್ನೂ ಕೂಗುತ್ತಲೇ ಇದ್ದ. ಹುಡುಗರು ನಗತೊಡಗಿದರು. "ಕೆರೆ ಹತ್ರ ಇಡೋಣ ಅಕ್ಕಾ, ಅಲ್ಲಿ ಬತ್ತಾವೆ, ಎತ್ಕೋ ಎಲೇನ," ಎಂದು ಅವಳ ಹತ್ತಿರ ಓಡಿ ಬಂದ.

"ಕೆರೆ ಹತ್ರ ಯಾರ ಎಡೆ ಇಟ್ರೂ ತಿಂತಾವೆ. ಅದು ಕದಿರೇಶ ಉಂಡಂಗಾ?" ಎಂದಳು ರಾಮಲಕ್ಷ್ಮಮ್ಮ.

ಶಾಮಲಮ್ಮ ತಲೆಯಲ್ಲಾಡಿಸಿದಳು. "ಮನೆಗೆ ಬರದೋನನ್ನ ಬೀದೀಲಿ ಹುಡುಕಲ್ಲ ಕಣಪ್ಪ. ಬಿಡು," ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಗೋಡೆಯಿಂದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಕೊಟ್ಟಿಗೆಯ ಮುಂದಿನ ಚಾಪೆಯ ಮೇಲೆ ಇಟ್ಟಳು. ನೀರು ಚಿಮುಕಿಸಿ ಎಲೆಯ ಅಂಚು ಸರಿಮಾಡಿದಳು.

"ಬಾ ಆವಲಪ್ಪಾ, ಕೂತ್ಕೋ. ನಾನು ಬದುಕ್ಲಿ ಅಂತ ನಿನ್ನ ಕಸುಬನ್ನೇ ಹಾಳು ಮಾಡ್ಕೊಂಡು ಇಷ್ಟು ದೊಡ್ಡ ಸುಳ್ಳು ಹೇಳ್ದೆ. ಅವನಂತೂ ಉಣ್ಣಲ್ಲ. ನನ್ನ ಮಗನ ಪಾಲು ನೀನು ಉಣ್ಣು."

"ಸುಳ್ಳಲ್ಲ ಕಣಕ್ಕಾ," ಎಂದ ಅವನು. ಅಳುತ್ತಿದ್ದ. "ನಾನು ಪಾಪಿ ಕಣಕ್ಕಾ, ನಂಬಕ್ಕಾ, ಸುಳ್ಳಲ್ಲ."

"ಆಯ್ತು, ಸುಳ್ಳಲ್ಲ. ಉಣ್ಣು."

ಸುತ್ತ ನಿಂತವರ ಕಣ್ಣಲ್ಲಿ ನೀರು. ಎಂಥ ಮನುಷ್ಯನಪ್ಪಾ ಎಂದು ಯಾರೋ ಅಂದರು. ಆವಲಪ್ಪ ಕೂತ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡ. ಶಾಮಲಮ್ಮ ಸೌಟು ಹಿಡಿದು ಎದುರಿಗೆ ಕೂತಿದ್ದಳು. ಅವನು ತಲೆ ಎತ್ತದೆ ಒಂದೊಂದೇ ತುತ್ತು ನುಂಗುತ್ತಿದ್ದ. ಅವಳು ಎಲೆ ಖಾಲಿಯಾಗಲು ಬಿಡದೆ, ಇನ್ನೊಂದು ಚೂರು ಹಾಕ್ಲಾ, ಸಾರು ಸಾಕಾ, ನಿಧಾನಕ್ಕೆ ತಿನ್ನಪ್ಪ ಎಂದು ಕೇಳಿ ಕೇಳಿ ಬಡಿಸಿದಳು. ಅವನು ಮೂರು ಮುದ್ದೆಯನ್ನೂ ಮುಗಿಸಿದ.

ಅವಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಆವಲಪ್ಪ ದಿನಾ ಹೋಗಿ ಕಾಲು ಹಿಡಿದ, ನಾನು ಗಂಜಿ ಕಾಯಿಸಿಕೊಂಡು ಹೋಗಿ ಬಾಯಿಯ ಹತ್ತಿರ ಹಿಡಿದೆ. ಅವಳು ಬಾಯಿ ತೆರೆಯಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲೇ ಸತ್ತಳು. ಸಾಯುವ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು, ಆವಲಪ್ಪ ಉಂಡನಾ ಎಂದು ಕೇಳಿದ್ದಳು.